ಕಡತದೊಳಗಿನ ಕನ್ನಡ

ಎಂಟು ವರ್ಷ ನನಗಿದ್ದದ್ದು ಅರ್ಧ ಕುರ್ಚಿ. ವಾಯವ್ಯ ಲಂಡನ್ನಿನ ಒಂದು ಕೌನ್ಸಿಲ್ ಕಚೇರಿಯ ಮೂರನೆಯ ಮಹಡಿಯಲ್ಲಿ ಒಂದು ಕೆಲಸವನ್ನು ಇಬ್ಬರು ಹಂಚಿಕೊಂಡು ಮಾಡುತ್ತಿದ್ದೆವು. ಮಕ್ಕಳಿರುವ ಹೆಂಗಸರಿಗೆ ಅನುಕೂಲವಾಗಲಿ ಎಂದು ತೊಂಬತ್ತರ ದಶಕದಲ್ಲಿ ಅಲ್ಲಿ ಇಂಥ ಏರ್ಪಾಡು ಸಾಮಾನ್ಯವಾಗಿತ್ತು. ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ನಾನು, ಒಂದರಿಂದ ಐದರವರೆಗೆ ಅವರು. ಅವರು ಮೈಸೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಧಾರವಾಡದವಳು. ಇಬ್ಬರ ಗಂಡಂದಿರೂ ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳು, ಇಬ್ಬರ ಎಂ.ಎ. ಪದವಿಗಳೂ ಇಲ್ಲಿ ಯಾರಿಗೂ ಬೇಕಾಗದವು. ನಾನು ಕುರ್ಚಿಯ ಎತ್ತರ ಇಳಿಸಿಕೊಳ್ಳುತ್ತಿದ್ದೆ, ಅವರು ಬಂದು ಏರಿಸಿಕೊಳ್ಳುತ್ತಿದ್ದರು. ನಮ್ಮಿಬ್ಬರ ನಡುವೆ ಇದ್ದ ಜಗಳ ಅದೊಂದೇ.

ನಮ್ಮದು ಮನೆ ಮಾರ್ಪಾಡಿನ ವಿಭಾಗ. ಮೆಟ್ಟಿಲು ಹತ್ತಲಾಗದವರು, ಸ್ನಾನದ ತೊಟ್ಟಿಗೆ ಇಳಿಯಲಾಗದವರು ಅರ್ಜಿ ಹಾಕುತ್ತಿದ್ದರು. ಕಚೇರಿಯಿಂದ ಒಬ್ಬ ಥೆರಪಿಸ್ಟ್ ಮನೆಗೆ ಹೋಗಿ ನೋಡಿ, ಗೋಡೆಗೊಂದು ಹಿಡಿಕೆಯೋ, ಬಾಗಿಲಿಗೆ ಇಳಿಜಾರೋ, ಮೆಟ್ಟಿಲ ಪಕ್ಕದ ಕಂಬಿಯ ಮೇಲೆ ಕೂತು ಏರುವ ಕುರ್ಚಿಯೋ, ಏನು ಬೇಕೆಂದು ಬರೆಯಬೇಕು. ಥೆರಪಿಸ್ಟುಗಳು ಕಡಿಮೆ, ಅರ್ಜಿಗಳು ರಾಶಿ. ವರ್ಷ ಕಾಯುವುದು ಮಾಮೂಲು. ಯಾರು ಮೊದಲು, ಯಾರು ಆಮೇಲೆ ಎಂದು ತೀರ್ಮಾನಿಸುವ ಅಧಿಕಾರ ಗುಮಾಸ್ತರಾದ ನಮಗಿರಲಿಲ್ಲ. ಆದರೆ ಸೋಮವಾರ ಥೆರಪಿಸ್ಟುಗಳ ಮೇಜಿನ ಮೇಲೆ ಕಡತಗಳನ್ನು ಜೋಡಿಸಿಡುತ್ತಿದ್ದವರು ನಾವು. ಮೇಲಿನ ಒಂದಷ್ಟನ್ನು ಅವರು ತೆಗೆದುಕೊಳ್ಳುತ್ತಿದ್ದರು, ಕೆಳಗಿನವು ಮತ್ತೆ ನಮ್ಮ ಬಳಿಗೇ ಬರುತ್ತಿದ್ದವು.

ಅಂಗಡಿ, ಅಡುಗೆ, ಮಗಳ ಶಾಲೆ ಎಂದು ನಾನು ಒಂದು ಗಂಟೆಗೆ ಸರಿಯಾಗಿ ಓಡುತ್ತಿದ್ದೆ. ಅವರಿನ್ನೂ ಲಿಫ್ಟಿನಲ್ಲಿರುತ್ತಿದ್ದರು. ಹಾಗಾಗಿ ನಮ್ಮ ಮಾತೆಲ್ಲ ಹಳದಿ ಅಂಟುಚೀಟಿಗಳ ಮೇಲೆ, ಕನ್ನಡದಲ್ಲಿ. ಕಡತದೊಳಗೆ ಇಂಗ್ಲಿಷಿನಲ್ಲಿ "ಅರ್ಜಿದಾರರು ವಿಳಂಬದ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿದರು" ಎಂದು ಬರೆದು, ಮೇಲೆ ಚೀಟಿಯಲ್ಲಿ "ಈ ಮನಷ್ಯಾ ಒದರಿ ಒದರಿ ನನ್ನ ಕಿವಿ ತೂತು ಮಾಡ್ಯಾನ, ಇನ್ನ ನೀವ ನೋಡ್ಕೋರಿ" ಎಂದು ಅಂಟಿಸುತ್ತಿದ್ದೆ. ಮರುದಿನ ಬೆಳಗ್ಗೆ ಅವರ ಉತ್ತರ ಇರುತ್ತಿತ್ತು: "ನನ್ನ ಹತ್ರ ಬೆಕ್ಕಿನ ಹಾಗೆ ಮಾತಾಡಿದ ಕಣ್ರೀ. ನಿಮ್ಮ ದನಿ ಕೇಳಿದ್ರೇ ಅವನಿಗೆ ಆಗಲ್ಲ." ಕನ್ನಡದಲ್ಲಿ ಬರೆದದ್ದು ಕಪಾಟಿಗೆ ಬೀಗ ಹಾಕಿಟ್ಟ ಹಾಗೆ ಎಂದು ನಂಬಿದ್ದೆವು. ದಿನಕ್ಕೆ ನಾಲ್ಕು ಗಂಟೆ ಇಂಗ್ಲಿಷಿನಲ್ಲಿ ಸಭ್ಯಳಾಗಿರುವುದು ನನಗೆ ಸುಸ್ತಿನ ಕೆಲಸ; ಆ ಚೀಟಿಗಳು ಇಲ್ಲದಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ.

ಆಗಲೂ ತಮ್ಮ ಕಡತ ನೋಡುವ ಹಕ್ಕು ಜನರಿಗೆ ಒಂದಿಷ್ಟು ಇತ್ತು. ಇದೆ ಎಂದು ನಾವು ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಕೇಳಿದ ಒಬ್ಬಿಬ್ಬರ ಪತ್ರ ಮೇಲಿನ ಮಹಡಿಗೆ ಹೋಗಿ ಅಲ್ಲೇ ಮಲಗುತ್ತಿತ್ತು. ಕಡತವೆಂದರೆ ಕಚೇರಿಯ ಸೊತ್ತು, ಅದರೊಳಗಿದ್ದ ಮನುಷ್ಯನದಲ್ಲ. ಇದು ತಪ್ಪು ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ನನ್ನ ಅಣ್ಣನೂ ಗುಮಾಸ್ತನೇ. ಕಡತವನ್ನು ಎದೆಗೆ ಒತ್ತಿಕೊಂಡು ಓಡಾಡುವುದನ್ನು ಮನೆಯಲ್ಲೇ ನೋಡಿ ಬೆಳೆದವಳು ನಾನು.

ತೊಂಬತ್ತೇಳರಲ್ಲಿ ಸರ್ಕಾರ ಬದಲಾಯಿತು. ಸರ್ಕಾರಿ ಕಚೇರಿಗಳಲ್ಲಿರುವುದನ್ನು ತಿಳಿಯುವ ಹಕ್ಕು ಎಲ್ಲರಿಗೂ ಬರುತ್ತದೆ ಎಂಬ ಶ್ವೇತಪತ್ರವೂ ಆ ವರ್ಷದ ಕೊನೆಗೆ ಬಂತು. ಯೂನಿಯನ್ನಿನವರು ಅದರ ಪ್ರತಿಯನ್ನು ಚಹಾದ ಕೋಣೆಯ ಗೋಡೆಗೆ ಸಿಕ್ಕಿಸಿದರು. ಅದು ಮಸೂದೆಯಾಗುವ ಹೊತ್ತಿಗೆ ಸೊರಗಿದೆ, ಅದಕ್ಕೂ ಇದಕ್ಕೂ ವಿನಾಯಿತಿ ತುರುಕಿದ್ದಾರೆ ಎಂದು ಅವರೇ ಗೊಣಗಿದರು. ಎರಡು ಸಾವಿರನೇ ಇಸವಿಯಲ್ಲಿ ಕಾಯಿದೆ ಪಾಸಾಯಿತು. ಆದರೆ ಜನ ಅದರ ಅಡಿಯಲ್ಲಿ ಕೇಳಬೇಕಾದರೆ ಎರಡು ಸಾವಿರದ ಐದರ ಜನವರಿ ಬರಬೇಕು ಎಂದಾಯಿತು. ನಾವು ಸಿದ್ಧರಾಗಲೆಂದು ನಾಲ್ಕು ವರ್ಷ ಕೊಟ್ಟಿದ್ದರು. ನಾವು ಸಿದ್ಧರಾದದ್ದು ಕೊನೆಯ ನಾಲ್ಕು ತಿಂಗಳಲ್ಲಿ.

ಅಷ್ಟರಲ್ಲಿ ನನ್ನ ಅರ್ಧ ಕುರ್ಚಿಯವರು ಕೆಲಸ ಬಿಟ್ಟು ಗಂಡನ ಜೊತೆ ಮೈಸೂರಿಗೆ ಹೋಗಿ ಎರಡು ಮೂರು ವರ್ಷವಾಗಿತ್ತು. ಇಡೀ ಕುರ್ಚಿ ನನ್ನದಾಯಿತು, ಇಡೀ ದಿನವೂ. ಕನ್ನಡದಲ್ಲಿ ಚೀಟಿ ಬರೆಯಲು ಯಾರೂ ಉಳಿಯಲಿಲ್ಲ.

ತರಬೇತಿಗೆ ನಮ್ಮನ್ನು ಅರ್ಧ ದಿನ ಒಂದು ಸಭಾಂಗಣದಲ್ಲಿ ಕೂರಿಸಿದರು. ಅಲ್ಲಿ ಹೇಳಿದ್ದರಲ್ಲಿ ನನಗೆ ನೆನಪಿರುವುದು ಮೂರು ಮಾತು. ಕೇಳಿದವರಿಗೆ ಇಪ್ಪತ್ತು ಕೆಲಸದ ದಿನಗಳೊಳಗೆ ಉತ್ತರ ಹೋಗಬೇಕು. ಕೈಬರಹದ ಟಿಪ್ಪಣಿ, ಚೀಟಿ, ಅಂಚಿನಲ್ಲಿ ಗೀಚಿದ್ದು, ಎಲ್ಲವೂ ಮಾಹಿತಿಯೇ. ಕೇಳಿದ ಮೇಲೆ ಬಚ್ಚಿಡಲೆಂದು ಕಾಗದ ಹರಿದರೆ ಅಪರಾಧ. ಹಿಂದಿನ ಸಾಲಿನಲ್ಲಿ ಯಾರೋ "ಕೇಳುವ ಮೊದಲು ಹರಿದರೆ?" ಎಂದರು. ಎಲ್ಲರೂ ನಕ್ಕರು. ಆ ಡಿಸೆಂಬರಿನಲ್ಲಿ ನಮ್ಮ ಮಹಡಿಯ ಕಾಗದ ಹರಿಯುವ ಯಂತ್ರಕ್ಕೆ ಬಿಡುವಿರಲಿಲ್ಲ. ಇಟ್ಟುಕೊಳ್ಳುವ ಅವಧಿ ಮುಗಿದ ಕಡತಗಳು ಎಂದು ಪಟ್ಟಿ ಮಾಡಿ, ಚೀಲಗಟ್ಟಲೆ ಹೊರಗೆ ಹಾಕಿದೆವು. ನಾನೂ ಹಾಕಿದೆ. ಅವುಗಳಲ್ಲಿ ನನ್ನ ಎಷ್ಟು ಚೀಟಿಗಳು ಹೋದವೋ ಲೆಕ್ಕವಿಡಲಿಲ್ಲ.

ಅಣ್ಣನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವನು ನಕ್ಕುಬಿಟ್ಟ. "ನಿಮ್ಮ ಲಂಡನ್‌ದಾಗ ಈಗ ಬಂತೇನವಾ? ನಮ್ಮ ಕರ್ನಾಟಕದಾಗ ಆಗಲೇ ಬಂದೈತಿ, ಮಾಹಿತಿ ಹಕ್ಕು ಅಂತ. ದಿನಾ ಒಬ್ಬಾವ ಬಂದು ನನ್ನ ಎದುರಿಗೆ ಕುಂಡರ್ತಾನ" ಎಂದ. ಅವನ ದನಿಯಲ್ಲೂ ನನ್ನದೇ ಸುಸ್ತು ಕೇಳಿಸಿತು.

ಎರಡು ಸಾವಿರದ ಐದರ ವಸಂತದಲ್ಲಿ ಕಿಂಗ್ಸ್‌ಬರಿಯ ಆಂಟಿ ನನ್ನನ್ನು ಮನೆಗೆ ಕರೆದರು. ಅವರೂ ಮೈಸೂರಿನ ಕಡೆಯವರು. ಅರವತ್ತರ ದಶಕದ ಕೊನೆಗೆ ಇಲ್ಲಿಗೆ ಬಂದವರು. ಅವರ ಯಜಮಾನರು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು, ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ನಾವು ಹೊಸದಾಗಿ ಬಂದಾಗ ಬಾಡಿಗೆ ಮನೆ ಹುಡುಕಿಕೊಟ್ಟವರು, ಮಗಳು ಹುಟ್ಟಿದಾಗ ಬಾಣಂತನದ ಖಾರದ ಪುಡಿ ಮಾಡಿಕೊಟ್ಟವರು ಈ ದಂಪತಿ. ಮಕ್ಕಳಿಲ್ಲದ ಅವರಿಗೆ ಕನ್ನಡದವರ ಮನೆಗಳೆಲ್ಲ ಅವರದೇ ಮನೆಗಳಾಗಿದ್ದವು. ಆಂಟಿ ನನ್ನನ್ನು ಮೊದಲ ದಿನದಿಂದಲೂ ನೀನು ಎಂದೇ ಮಾತಾಡಿಸಿದವರು.

ಅವರ ಸಾಲುಮನೆಯಲ್ಲಿ ಬಚ್ಚಲು, ಮಲಗುವ ಕೋಣೆ ಎರಡೂ ಮೇಲೆ. ಯಜಮಾನರಿಗೆ ಮಂಡಿ, ಸೊಂಟ ಹಿಡಿದು ಮೆಟ್ಟಿಲು ಕಷ್ಟವಾದಾಗ ನಮ್ಮ ಕಚೇರಿಗೇ ಅರ್ಜಿ ಹಾಕಿದ್ದರು. ತೊಂಬತ್ತರ ದಶಕದ ನಡುಭಾಗದ ಮಾತು ಅದು. ಕಾದರು, ಕಾದರು. ಒಂದೂವರೆ ವರ್ಷವಾದರೂ ಯಾರೂ ಬರಲಿಲ್ಲ. ಒಂದು ಬೆಳಗ್ಗೆ ಮೇಲಿನ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿಯಿತು. ಆಮೇಲೆ ಮುಂದಿನ ಕೋಣೆಯಲ್ಲೇ ಹಾಸಿಗೆ, ಅಲ್ಲೇ ಎಲ್ಲ. ಮತ್ತೆಂದೂ ತಮ್ಮ ಮನೆಯ ಮೇಲಿನ ಮಹಡಿಯನ್ನು ಅವರು ನೋಡಲಿಲ್ಲ.

ಅಡುಗೆಮನೆಯಲ್ಲಿ ಕಾಫಿ ಕೊಟ್ಟು ಆಂಟಿ ಕೇಳಿದರು. "ಏನು ಕೇಳಿದ್ರೂ ಆಫೀಸಿನೋರು ಹೇಳಲೇಬೇಕು ಅಂತ ಹೊಸ ಕಾನೂನು ಬಂದಿದೆಯಂತಲ್ಲಮ್ಮ, ಹೌದಾ? ಪಕ್ಕದ ಮನೆ ಗುಜರಾತಿಯವಳು ಹೇಳಿದಳು."

"ಹೌದ್ರಿ ಆಂಟಿ. ಏನ್ ಕೇಳಬೇಕಾಗಿತ್ರಿ?"

"ಅಷ್ಟು ದಿನ ಯಾಕೆ ಕಾಯಿಸಿದ್ರು ಅಂತ. ನಮಗಿಂತ ಆಮೇಲೆ ಹಾಕಿದೋರಿಗೆಲ್ಲ ಬಂತು. ಇವರು ಹೋಗೋವರೆಗೂ ಅದೇ ಕೊರಗು. ಫಾರಮ್ಮಲ್ಲಿ ನಾನೇ ಏನೋ ತಪ್ಪು ಬರೆದಿರಬೇಕು ಕಣೇ, ಅದಕ್ಕೇ ಹಿಂದೆ ಹಾಕಿದ್ದಾರೆ ಅಂತ. ಜೀವಮಾನವೆಲ್ಲ ಒಂದು ಲೇಬಲ್ ತಪ್ಪು ಅಂಟಿಸದ ಮನುಷ್ಯ. ಅವರು ತಪ್ಪು ಬರೆದಿದ್ರಾ ಇಲ್ವಾ, ಅದೊಂದು ತಿಳಿದ್ರೆ ಸಾಕು ನನಗೆ."

ನಾನು ಖುಷಿಯಿಂದಲೇ ಪತ್ರ ಬರೆದೆ. ಕಚೇರಿಯಲ್ಲಿ ಯಾರೂ ಲೆಕ್ಕಕ್ಕಿಡದ ಗುಮಾಸ್ತೆಗೆ ಆ ಅಡುಗೆಮನೆಯಲ್ಲಿ ವಕೀಲೆಯ ಗತ್ತು ಬಂದಿತ್ತು. ಕಾಯಿದೆಯ ಹೆಸರು, ಇಪ್ಪತ್ತು ದಿನದ ಗಡುವು, ಎಲ್ಲ ಹಾಕಿ, "ಕೈಬರಹದ ಟಿಪ್ಪಣಿಗಳೂ ಸೇರಿದಂತೆ" ಎಂದು ನಾನೇ ಸೇರಿಸಿದೆ. ಆಂಟಿ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು. ಅವರಿಗೆ ಇಂಗ್ಲಿಷು ಅಂಗಡಿಯ ಮಟ್ಟಿಗೆ ಮಾತ್ರ. ಆ ಪತ್ರ ಯಾವುದನ್ನು ಹೊರಗೆಳೆಯಲಿದೆ ಎಂದು ಆಗ ನನಗೆ ನೆನಪಿರಲಿಲ್ಲ. ಯಜಮಾನರು ಬಿದ್ದ ಸುದ್ದಿ ಬಂದ ದಿನವೂ ಅಯ್ಯೋ ಎಂದು ಅತ್ತಿದ್ದೆ, ಆದರೆ ನೆನಪಾಗಿರಲಿಲ್ಲ. ನೆನಪಾಗಲಿಲ್ಲವೋ, ನೆನಪಾಗದ ಹಾಗೆ ನೋಡಿಕೊಂಡೆನೋ, ಈಗ ಹೇಳಲಾರೆ.

ಹದಿನೈದು ದಿನ ಕಳೆದ ಮೇಲೆ ಮಾಹಿತಿ ಅಧಿಕಾರಿ ನನಗೆ ಫೋನ್ ಮಾಡಿ ತಮ್ಮ ಕೋಣೆಗೆ ಕರೆದರು. ನಿವೃತ್ತಿಗೆ ಹತ್ತಿರವಿದ್ದ ಇಂಗ್ಲಿಷ್ ಹೆಂಗಸು. ಫೋಟೋಕಾಪಿ ಯಂತ್ರದ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿದ್ದರು ಆಕೆಯನ್ನು. ಹೊಸ ಕಾಯಿದೆಯ ಕೆಲಸವೆಲ್ಲ ಆಕೆಯೊಬ್ಬಳ ತಲೆಯ ಮೇಲೆ. ಮೇಜಿನ ಮೇಲೆ, ನೆಲದ ಮೇಲೆ, ಕೋಣೆ ಕಾಯಿಸುವ ರೇಡಿಯೇಟರಿನ ಮೇಲೆ ಕಡತಗಳು. ಸತ್ತವರ ಕಾಗದವನ್ನು ಹೆಂಡತಿಗೆ ಕೊಡಬಹುದೇ ಎಂದು ವಕೀಲರು ಒಂದು ವಾರ ಕೂತು ಯೋಚಿಸಿ, ಕೊಡಬಹುದು ಅಂದಿದ್ದರಂತೆ. ಈಗ ಇನ್ನೊಂದು ತೊಡಕು.

"ಇದು ಯಾವ ಭಾಷೆ ಎಂದು ಯಾರಿಗೂ ಗೊತ್ತಾಗುತ್ತಿಲ್ಲ. ಗುಜರಾತಿ ಅನುವಾದಕರು ತಮ್ಮದಲ್ಲ ಅಂದರು. ತಮಿಳಿನವರೂ ಅಲ್ಲ ಅಂದರು, ಆದರೆ ದಕ್ಷಿಣದ್ದೇ ಇರಬೇಕು ಅಂದರು. ನಿಮಗೆ ಬರುತ್ತದೆಂದು ರಿಸೆಪ್ಷನ್ನಿನವಳು ಹೇಳಿದಳು" ಎಂದು ಒಂದು ಹಾಳೆ ಕೊಟ್ಟರು. ಚೀಟಿಯ ಪ್ರತಿಯಷ್ಟೇ, ದೊಡ್ಡದು ಮಾಡಿ ತೆಗೆದದ್ದು.

ನನ್ನದೇ ಅಕ್ಷರ. "ಮೊನ್ನೆ ಯುಗಾದಿ ಪ್ರೋಗ್ರಾಮಿನ್ಯಾಗ ಈ ಹಿರಿಯರು ಸ್ಟೇಜಿನ ಮೆಟ್ಟಲಾ ಸರಳ ಹತ್ತಿ ಶಾಲು ಹೊದಿಸ್ಕೊಂಡು ಬಂದಾರ. ಕೈ ಹಿಡದವ್ರು ಯಾರೂ ಇಲ್ಲ. ಕಣ್ಣಾರೆ ನೋಡೀನಿ. ಅರ್ಜಿ ಬರೇ ನಾಟಕ. ಕೆಳಗ ಇಡ್ರಿ." ಅಡಿಯಲ್ಲಿ ನನ್ನ ಹೆಸರಿನ ಮೊದಲ ಎರಡು ಅಕ್ಷರ.

ನನಗೆ ಕೂರಲು ಜಾಗ ಬೇಕಾಯಿತು. ಕುರ್ಚಿಯ ಮೇಲೂ ಕಡತವಿತ್ತು. ನಾಳೆ ಬರೆದು ಕೊಡುತ್ತೇನೆ ಎಂದು ಹೇಳಿ ಹೊರಗೆ ಬಂದೆ.

ಆ ಯುಗಾದಿ ಆಗ ಪೂರ್ತಿಯಾಗಿ ನೆನಪಾಯಿತು. ಪಿನ್ನರಿನ ನಮ್ಮ ಮನೆಯ ಹತ್ತಿರದ ಶಾಲೆಯೊಂದರ ಹಾಲನ್ನು ಕನ್ನಡ ಸಂಘದವರು ಬಾಡಿಗೆಗೆ ಹಿಡಿದಿದ್ದರು. ಹಿರಿಯರಿಗೆ ಸನ್ಮಾನ. ಹೆಸರು ಕರೆದಾಗ ಆಂಟಿಯ ಯಜಮಾನರು ಎದ್ದು, ವೇದಿಕೆಯ ಮೂರು ನಾಲ್ಕು ಮೆಟ್ಟಿಲು ಹತ್ತಿದರು. ನಾನು ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದೆ. ಮುಂದಿನ ಸೋಮವಾರ ಬೆಳಗ್ಗೆ ಅವರ ಕಡತ ಕೈಗೆ ಬಂದಾಗ ಸಿಟ್ಟು ಬಂತು. ಯಾಕೆ ಬಂತು ಎಂದರೆ ಅವರು ನಮ್ಮವರಾದ್ದರಿಂದ. ನಮ್ಮವರು ಸುಳ್ಳು ಹೇಳಿ ಕುರ್ಚಿ ಗಿಟ್ಟಿಸುತ್ತಾರೆ, ನಾಳೆ ಯಾರಾದರೂ ನನ್ನತ್ತ ಬೆರಳು ಮಾಡುತ್ತಾರೆ ಎಂಬ ಹೆದರಿಕೆ. ನಮ್ಮವರಿಗೆ ನಾನು ದಾಕ್ಷಿಣ್ಯ ತೋರಿಸುವವಳಲ್ಲ ಎಂಬ ಜಂಬ ಕೂಡ. ಬೇರೆ ಯಾವ ಮುದುಕನಾಗಿದ್ದರೂ ಆ ಚೀಟಿ ಬರೆಯುತ್ತಿರಲಿಲ್ಲ. ಅವನನ್ನು ನಾನು ಯಾವ ವೇದಿಕೆಯ ಮೇಲೂ ನೋಡುತ್ತಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಗಂಡ ಎರಡು ದಿನದ ಡ್ಯೂಟಿ ಮುಗಿಸಿ ಬಂದಿದ್ದ, ಕಣ್ಣು ಕೆಂಪಾಗಿತ್ತು. "ನಾವೂ ಬರೀತಿದ್ದಿವಿ ಕೇಸ್ ಶೀಟಿನ್ಯಾಗ, ಏನೇನೋ. ಈಗ ಪೇಷಂಟ್ ಓದ್ತಾರಂತ ಹೇಳಿ ಯಾರೂ ಏನೂ ಬರಿಯೂದ ಇಲ್ಲ. ಮನಸಿನ್ಯಾಗ ಅಂದ್ಕೋತಾರ, ಬಾಯಿಲೆ ಹೇಳ್ತಾರ. ಅಷ್ಟ ಫರಕು" ಎಂದ. ಸ್ವಲ್ಪ ಹೊತ್ತಿನ ಮೇಲೆ ತಟ್ಟೆ ನೋಡುತ್ತಲೇ, "ನಿನ್ನ ಬಿಟ್ರ ಅದನ್ನ ಓದವರು ಆ ಆಫೀಸಿನ್ಯಾಗ ಯಾರೂ ಇಲ್ಲಲ್ಲ" ಎಂದ. ಹದಿನೈದರ ಮಗಳು ಮೊಬೈಲಿನಿಂದ ತಲೆಯೆತ್ತಿ, "ವೈ ಡಿಡ್ ಯು ಈವನ್ ರೈಟ್ ಇಟ್, ಅಮ್ಮಾ?" ಎಂದಳು. ನಾನು ಎದ್ದು ಪಾತ್ರೆ ತೊಳೆದೆ.

ಮರುದಿನ ಅನುವಾದ ಬರೆದುಕೊಟ್ಟೆ. "ಅರ್ಜಿದಾರರು ಸಮುದಾಯದ ಕಾರ್ಯಕ್ರಮವೊಂದರಲ್ಲಿ ಕೆಲವು ಮೆಟ್ಟಿಲು ಹತ್ತಿದ್ದು ಗಮನಕ್ಕೆ ಬಂದಿದೆ. ಸದ್ಯಕ್ಕೆ ಆದ್ಯತೆ ಬೇಡ." ಇಂಗ್ಲಿಷಿನಲ್ಲಿ ಇದು ಎಷ್ಟು ಚೊಕ್ಕವಾಗಿ ಕಂಡಿತೆಂದರೆ, ಒಂದು ಕ್ಷಣ ನಾನೇ ನಂಬಿದೆ. ಒಂದು ಪದವೂ ಸುಳ್ಳಲ್ಲ. ಹನ್ನೆರಡು ವರ್ಷ ಆ ಕಚೇರಿಯಲ್ಲಿ ನಾನು ಕಲಿತ ವಿದ್ಯೆ ಅದೇ.

ಅಧಿಕಾರಿ ಕನ್ನಡಕ ಏರಿಸಿ ಓದಿದರು. ಮೂಗು ಒರೆಸಿಕೊಂಡರು, ಆಕೆಗೆ ಆ ವರ್ಷವಿಡೀ ನೆಗಡಿ. "ಮೂಲದಲ್ಲಿ ಐದಾರು ವಾಕ್ಯ ಇರುವ ಹಾಗಿದೆ. ಇಷ್ಟೇ ಏನು?" ಎಂದರು. ಅನುಮಾನದ ದನಿಯಲ್ಲ. ಬೇಗ ಮುಗಿಸಿ ಮುಂದಿನ ಕಡತಕ್ಕೆ ಹೋಗಬೇಕೆನ್ನುವವರ ದನಿ. "ಪಾಳಿ ಬದಲಾಗುವಾಗ ಬರೆದಿಡುವ ಮಾಮೂಲಿ ಟಿಪ್ಪಣಿ ಅನ್ನಿ, ವಿಷಯಕ್ಕೆ ಸಂಬಂಧವಿಲ್ಲವೆಂದು ಕೈಬಿಡಬಹುದೇನೋ. ನೀವು ಹೇಳಿದ ಹಾಗೆ."

ಇಷ್ಟು ಸುಲಭವಾಗಿತ್ತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆಂಟಿಗೆ ದಪ್ಪ ಲಕೋಟೆಯಲ್ಲಿ ನೂರಾರು ಹಾಳೆ ಹೋಗುತ್ತಿತ್ತು, ಯಾಕೆ ಎಂಬುದೊಂದನ್ನು ಬಿಟ್ಟು. ಆಮೇಲೆ ಅವುಗಳನ್ನು ಓದಿ ಹೇಳಲು ಅವರು ನನ್ನನ್ನೇ ಕರೆಯುತ್ತಿದ್ದರು. ನಾನು ಹೋಗಿ, ಅವರ ಕಾಫಿ ಕುಡಿದು, ಏನೂ ಇಲ್ಲ ಆಂಟಿ, ಜನ ಕಡಿಮೆ ಇದ್ರು, ಅದಕ್ಕ ತಡಾ ಆಗೇತಿ ಎನ್ನಬೇಕಾಗಿತ್ತು. ಅದನ್ನು ಅಂದುಕೊಂಡೇ ನನಗೆ ಆಯಾಸವಾಯಿತು. ಒಳ್ಳೆಯತನದಿಂದ ನಿಜ ಹೇಳಿದೆ ಎಂದು ನಾನು ಹೇಳಿಕೊಳ್ಳುವುದಿಲ್ಲ. ಆ ಸುಳ್ಳನ್ನು ವರ್ಷಗಟ್ಟಲೆ ಹೊರುವ ತ್ರಾಣ ನನ್ನಲ್ಲಿರಲಿಲ್ಲ.

"ಇಷ್ಟೇ ಅಲ್ಲ" ಎಂದೆ. ಹಾಳೆ ವಾಪಸು ತೆಗೆದುಕೊಂಡು ಅಲ್ಲೇ ನಿಂತು ಪದಕ್ಕೆ ಪದ ಬರೆದೆ. ನಾಟಕ ಎನ್ನುವುದನ್ನೂ, ಕೆಳಗಿಡಿ ಎನ್ನುವುದನ್ನೂ. ಬರೆದವಳು ನಾನು ಎಂದೂ ಹೇಳಿದೆ. ಆಕೆ ಕನ್ನಡಕ ತೆಗೆದಿಟ್ಟು, "ಇದನ್ನು ನನಗೆ ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು" ಎಂದರು. ಬೈದದ್ದಲ್ಲ ಅದು. ಆಕೆಗೆ ಇನ್ನಷ್ಟು ಕೆಲಸ ಬಿತ್ತು. ಮೇಲಿನವರು ಕರೆಸಿದರು, ಎರಡು ಸಲ ವಿಚಾರಿಸಿದರು, ನನ್ನ ಹೆಸರಿನ ಕಡತಕ್ಕೂ ಒಂದು ಪತ್ರ ಸೇರಿತು. ಅರ್ಜಿದಾರಳೊಂದಿಗೆ ಈ ಬಗ್ಗೆ ಮಾತಾಡಕೂಡದು ಎಂದರು. ಕೊನೆಗೆ ಲಕೋಟೆ ಹೋಗುವಾಗ ಚೀಟಿಯ ಅಡಿಯ ಎರಡಕ್ಷರಕ್ಕೆ ಕಪ್ಪು ಬಳಿದಿದ್ದರು. ಸಣ್ಣ ಹುದ್ದೆಯವರ ಹೆಸರು ಹೊರಗೆ ಹೋಗಬಾರದೆಂಬುದು ಕಚೇರಿಯ ಪದ್ಧತಿ. ಹೊಸ ಕಾಯಿದೆಯಿಂದ ನನಗಾದ ಲಾಭ ಅದೊಂದು.

ಆಂಟಿಯ ಫೋನು ಶನಿವಾರ ಬಂತು. "ಕಾಗದ ಬಂದಿದೆ" ಎಂದಷ್ಟೇ ಹೇಳಿದರು. ಪಿನ್ನರಿನಿಂದ ಕಿಂಗ್ಸ್‌ಬರಿಗೆ 183ನೇ ಬಸ್ಸು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ, ಪ್ರತಿ ಸ್ಟಾಪಿನಲ್ಲೂ ಒಂದೊಂದು ಮಾತು ಕಳಚಿಕೊಂಡಿತು.

ಊಟದ ಮೇಜಿನ ಮೇಲೆ ಲಕೋಟೆಯ ಹಾಳೆಗಳು ಒಪ್ಪವಾಗಿ ಕೂತಿದ್ದವು. ಒಂದು ಹಾಳೆ ಮಾತ್ರ ಬೇರೆಯಾಗಿ, ಅವರ ಎದುರಿಗೆ. ಕಾಫಿ ಮಾಡಿಕೊಟ್ಟರು, ಎಂದಿನಂತೆ. ನಾನು ಲೋಟ ಮುಟ್ಟದೆ, "ಆಂಟಿ, ಅದನ್ನ ಬರದಾಕಿ ನಾನ ಇದ್ದೀನ್ರಿ" ಎಂದೆ.

"ಗೊತ್ತು" ಅಂದರು. "ಇಷ್ಟು ಹಾಳೇಲಿ ನನಗೆ ಓದಕ್ಕೆ ಬಂದಿದ್ದು ಇದೊಂದೇ. ಕೆಳಗಡೆ ಹೆಸರಿಗೆ ಮಸಿ ಬಳಿದಿದ್ದಾರೆ. ಮಾತಿಗೆ ಬಳಿದಿಲ್ಲವಲ್ಲ. ಮೈಸೂರಿನೋರು ಯಾರೂ ಇಡ್ರಿ ಅಂತ ಬರೆಯಲ್ಲ."

ತಪ್ಪಾಯಿತು ಎಂದೆ. ಇನ್ನೂ ಏನೇನೋ ಅಂದೆ, ಅತ್ತೆ. ಅವರು ತಡೆಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ನನ್ನ ಮಾತು ತಾನಾಗಿಯೇ ಮುಗಿಯುವವರೆಗೆ ಕಿಟಕಿಯ ಕಡೆ ನೋಡುತ್ತ ಕೂತರು. ಆಮೇಲೆ ರಾಶಿಯಿಂದ ಇನ್ನೊಂದು ಹಾಳೆ ಎಳೆದು ನನ್ನ ಮುಂದೆ ಇಟ್ಟರು.

ಅದು ಅರ್ಜಿಯ ಕೊನೆಯ ಪುಟ. ಪ್ರತಿ ತೆಗೆದವರು ಚೀಟಿ ಅಂಟಿದ್ದ ಹಾಗೆ ಒಂದು ಸಲ, ಚೀಟಿ ಎತ್ತಿ ಇನ್ನೊಂದು ಸಲ ತೆಗೆದಿದ್ದರು. ಆ ಪುಟದಲ್ಲಿ "ಬೇರೆ ಏನಾದರೂ ತಿಳಿಸುವುದಿದೆಯೇ?" ಎಂಬ ದೊಡ್ಡ ಚೌಕವಿರುತ್ತದೆ. ಅದನ್ನು ತುಂಬುವವರು ಅಪರೂಪ. ಜಾಗ ಖಾಲಿಯಿರುತ್ತದೆಂದು ನಾವಿಬ್ಬರೂ ಚೀಟಿಗಳನ್ನು ನೋಡದೆ ಅಲ್ಲೇ ಅಂಟಿಸುತ್ತಿದ್ದೆವು. ಈ ಚೌಕ ಖಾಲಿ ಇರಲಿಲ್ಲ. ಒಳಗೆ ಇಂಗ್ಲಿಷಿನಲ್ಲಿ, ಲ್ಯಾಬಿನ ಸೀಸೆಗಳಿಗೆ ಬರೆಯುವಂಥ ಸಣ್ಣ ಅಚ್ಚುಕಟ್ಟಾದ ಅಕ್ಷರ.

"ನಿಮ್ಮ ಚೀಟಿ ಕೆಳಗಿದ್ದದ್ದು" ಎಂದರು ಆಂಟಿ. "ಅವರ ಕೈಬರಹ ಅಂತ ಗೊತ್ತಾಗುತ್ತೆ. ಏನು ಅಂತ ಗೊತ್ತಾಗಲ್ಲ. ನೀವು ಓದಿ ಹೇಳಿ."

ಹದಿನಾರು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು ನೀವು ಅಂದರು. ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ಸಹಿಸುತ್ತಿದ್ದೆ.

ಇಂಗ್ಲಿಷನ್ನು ಕನ್ನಡ ಮಾಡುತ್ತ, ನಿಧಾನವಾಗಿ ಓದಿದೆ. "ಯಾವುದನ್ನೂ ಮುಚ್ಚಿಡಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಹೋದಾಗ ಮೂರು ನಾಲ್ಕು ಮೆಟ್ಟಿಲು ನಾನು ಹತ್ತಬಲ್ಲೆ. ನಿಮ್ಮಲ್ಲಿ ಯಾರಾದರೂ ನೋಡಿರಲೂಬಹುದು. ಅಂಥ ದಿನ ಮೊದಲೇ ನೋವಿನ ಮಾತ್ರೆ ನುಂಗಿರುತ್ತೇನೆ, ಮರುದಿನ ಹಾಸಿಗೆಯಿಂದ ಏಳುವುದಿಲ್ಲ. ಮನೆಯ ಹದಿಮೂರು ಮೆಟ್ಟಿಲನ್ನು ದಿನಕ್ಕೆ ಒಂದೇ ಸಲ, ಕೂತುಕೊಂಡು, ಹಿಮ್ಮುಖವಾಗಿ ಹತ್ತುತ್ತೇನೆ. ನನಗಿಂತ ಕಷ್ಟದಲ್ಲಿರುವವರಿದ್ದರೆ ದಯವಿಟ್ಟು ಅವರನ್ನು ಮೊದಲು ನೋಡಿ."

ಆಂಟಿ ಬೆರಳಿನಿಂದ ಆ ಚೌಕದ ಅಂಚನ್ನು ಸವರಿದರು.

"ಹಾಗಾದ್ರೆ ಇವರು ತಪ್ಪು ಬರೆದಿರಲಿಲ್ಲ."

"ಇಲ್ರಿ. ಎಲ್ಲಾ ಖರೇ ಬರದಿದ್ರು."

ಅವರು ನನ್ನನ್ನು ನೋಡಲಿಲ್ಲ. ಆಮೇಲೆ ಹಾಳೆಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿ, "ಇನ್ನೊಂದು ಸಲ ಓದಿ" ಅಂದರು.

ಓದಿದೆ.